ಹಾಸ್ಟೆಲ್ಲಿಗೆ ಹೊರಟವರ ಸಾಮಾನಿನ ಪಟ್ಟಿ



ಸಿಇಟಿ ಕೌನ್ಸೆಲಿಂಗ್ ಮುಗಿದು ಕಾಲೇಜು ಯಾವುದೆಂದು ಗೊತ್ತಾದ ಮರುದಿನ ಬೊಮ್ಮನಹಳ್ಳಿಯ ಎಷ್ಟೋ ಮನೆಗಳಲ್ಲಿ ಒಂದು ಹಾಳೆ ಹುಟ್ಟಿಕೊಳ್ಳುತ್ತದೆ. ಹಳೆಯ ನೋಟ್‌ಬುಕ್ಕಿನಿಂದ ಹರಿದ ಹಾಳೆ. ಮೇಲೆ ಒಂದು ‘ಶ್ರೀ’, ಅದರ ಕೆಳಗೆ ಸಾಲಾಗಿ ಸಾಮಾನುಗಳು: ಹಾಸಿಗೆ, ದಿಂಬು, ಹೊದಿಕೆ ಎರಡು, ಬಕೆಟ್ಟು, ಮಗ್ಗು, ತಟ್ಟೆ, ಲೋಟ, ಬೀಗ, ಬಟ್ಟೆ ಒಣಹಾಕುವ ಹಗ್ಗ. ತಾಯಿ ಹೇಳುತ್ತಾಳೆ, ಮಗಳು ಬರೆಯುತ್ತಾಳೆ. ತಾಯಿ ಹೇಳದ ಎರಡು ಸಾಮಾನನ್ನು ಮಗಳು ತಾನೇ ಸೇರಿಸುತ್ತಾಳೆ. ಕೊನೆಗೆ ತಂದೆ ಹಾಳೆಯನ್ನು ಕೈಗೆ ತೆಗೆದುಕೊಂಡು ಮನಸ್ಸಿನಲ್ಲೇ ಲೆಕ್ಕ ಕೂಡುತ್ತಾನೆ.

ಬೊಮ್ಮನಹಳ್ಳಿ ಹೊಸೂರು ರಸ್ತೆಯ ಎರಡೂ ಬದಿಗೆ ಬೆಳೆದ ಊರು. ತನ್ನದೇ ನಗರಸಭೆ ಹೊಂದಿದ್ದ ಇದು 2007ರಲ್ಲಿ ಬೃಹತ್ ಬೆಂಗಳೂರಿನೊಳಗೆ ಸೇರಿತು. ಬೆಳಿಗ್ಗೆ ಗಾರ್ಮೆಂಟ್ಸ್ ಕಾರ್ಖಾನೆಗಳ ಕಡೆಗೆ ಊಟದ ಡಬ್ಬಿ ಹಿಡಿದು ನಡೆಯುವ ಹೆಂಗಸರನ್ನು ಇಲ್ಲಿ ಯಾರೂ ನೋಡದೆ ಇರಲಾರರು. ಅಂಥ ಮನೆಯಲ್ಲಿ ಆ ಹಾಳೆಯ ಮೇಲಿನ ಮೊತ್ತ ಸಣ್ಣ ಮಾತಲ್ಲ. ಪಟ್ಟಿಯಲ್ಲಿರುವುದನ್ನೆಲ್ಲ ಹೊಸದಾಗಿ ಕೊಳ್ಳಲು ಹೊರಟರೆ ಒಂದು ತಿಂಗಳ ದುಡಿಮೆ ಅಂಗಡಿ ಬೀದಿಯಲ್ಲೇ ಕರಗಬಹುದು. ಕೈಸಾಲ ಮಾಡುವವರಿದ್ದಾರೆ, ಚೀಟಿ ಎತ್ತುವವರಿದ್ದಾರೆ, ಓಲೆ ಅಡವಿಡುವವರೂ ಇದ್ದಾರೆ.

ಈ ಮಾತಿನ ವಿಷಯ ಆ ಹಾಳೆ. ಹಾಸ್ಟೆಲ್ಲಿಗೆ ಏನು ಒಯ್ಯಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮನೆವಾರ್ತೆಯ ಪ್ರಶ್ನೆ. ಆದರೆ ಈ ನಾಡಿನಲ್ಲಿ ಯಾರು ಓದಿದರು, ಯಾರು ಓದಲಾಗದೆ ಉಳಿದರು ಎಂಬುದನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಕಾಲೇಜಿನ ಬಾಗಿಲಲ್ಲ, ಊಟದ ತಟ್ಟೆ ಮತ್ತು ಮಲಗುವ ಜಾಗ. ಆ ಚರಿತ್ರೆ ತಿಳಿದವರಿಗೆ ಪಟ್ಟಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಾನಾಗಿ ಹೊಳೆಯುತ್ತದೆ.

ವಾರಾನ್ನದ ದಿನಗಳು

ನೂರೈವತ್ತು ವರ್ಷಗಳ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೋ ಮೈಸೂರಿನ ಮಹಾರಾಜ ಕಾಲೇಜಿಗೋ ಹಳ್ಳಿಯ ಹುಡುಗನೊಬ್ಬ ಓದಲು ಹೊರಟನೆಂದರೆ ಅವನ ಕೈಯಲ್ಲಿ ಇರುತ್ತಿದ್ದುದು ಒಂದು ಬಟ್ಟೆಯ ಗಂಟು. ಎರಡು ಪಂಚೆ, ಒಂದು ಅಂಗಿ, ಒಂದು ಕಂಬಳಿ, ಒಂದು ಚೊಂಬು. ಸಾಮಾನಿನ ಚಿಂತೆ ಅಲ್ಲಿಗೆ ಮುಗಿಯಿತು. ಉಳಿದ ಚಿಂತೆಯೆಲ್ಲ ಊಟದ್ದು.

ಆ ಚಿಂತೆಗೆ ಅಂದಿನ ಸಮಾಜ ಕಂಡುಕೊಂಡಿದ್ದ ಉಪಾಯವೇ ವಾರಾನ್ನ. ವಾರದ ಏಳು ದಿನಕ್ಕೆ ಏಳು ಮನೆ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಬುಧವಾರ ದೂರದ ನೆಂಟರ ಮನೆ, ಹೀಗೆ. ಆರು ಮನೆ ಮಾತ್ರ ಸಿಕ್ಕಿದವನಿಗೆ ಏಳನೆಯ ದಿನ ನೀರೇ ಗತಿ. ಕೆಲವು ಮನೆಗಳಲ್ಲಿ ಆದರವಿತ್ತು, ಕೆಲವು ಮನೆಗಳಲ್ಲಿ ಚುಚ್ಚುಮಾತಿತ್ತು. ಹೊಟ್ಟೆಯ ಹಸಿವಿನ ಜೊತೆಗೆ ಹಂಗಿನ ಅನ್ನದ ಸಂಕೋಚವನ್ನೂ ನುಂಗಿ ಓದಿದವರ ನೆನಪುಗಳು ಆ ಕಾಲದ ಆತ್ಮಕಥೆಗಳಲ್ಲಿ ಹೇರಳವಾಗಿವೆ.

ಇನ್ನು ಕೆಲವರು ಪಾಠ ಹೇಳಿ ಆಶ್ರಯ ಪಡೆದರು. ಮುಂದೆ ಮೈಸೂರಿನ ದಿವಾನರಾದ ಎಂ. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನಿಭಾಯಿಸಿಕೊಂಡರು. ಹಾಗೆ ಓದಿಯೇ 1881ರಲ್ಲಿ ಬಿ.ಎ. ಮುಗಿಸಿದರು.

ವಾರಾನ್ನವನ್ನು ದೊಡ್ಡ ದಾನವೆಂದು ಕೊಂಡಾಡುವವರು ಅದರ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಅನ್ನ ಹಾಕುತ್ತಿದ್ದ ಮನೆಗಳು ಹೆಚ್ಚಿನಂಶ ಬ್ರಾಹ್ಮಣರ ಮನೆಗಳು, ಪಂಕ್ತಿಯಲ್ಲಿ ಕೂರುತ್ತಿದ್ದವನೂ ಅದೇ ಜಾತಿಯ ಹುಡುಗ. ಪೇಟೆಯಲ್ಲಿ ತನ್ನವರ ಮನೆಗಳೇ ಇಲ್ಲದ ರೈತನ ಮಗ ಯಾರ ಮನೆಯ ಜಗಲಿ ಹತ್ತಬೇಕಿತ್ತು? ದಲಿತ ಹುಡುಗನಿಗಂತೂ ಊಟದ ಮನೆ ಹಾಗಿರಲಿ, ಬಾಡಿಗೆ ಕೊಟ್ಟರೂ ಕೋಣೆ ಸಿಗುತ್ತಿರಲಿಲ್ಲ. ಕಾಲೇಜು ಎಲ್ಲರಿಗೂ ತೆರೆದಿದೆ ಎಂದು ಕಾಗದದ ಮೇಲೆ ಬರೆದಿದ್ದರೂ ರಾತ್ರಿ ತಲೆ ಇಡಲು ಜಾಗವಿಲ್ಲದವನಿಗೆ ಆ ಕಾಗದದಿಂದ ಆಗುವುದೇನು?

ಅನ್ನ ಮತ್ತು ಮಂಚ ಕಟ್ಟಿದವರು

ಈ ಪ್ರಶ್ನೆಗೆ ಉತ್ತರವಾಗಿಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಾಸ್ಟೆಲ್‌ಗಳು ಎದ್ದವು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾನಿಧಿಯ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ. ಇಂಥ ಸಂಘಗಳು ಕೈಹಾಕಿದ ಮುಖ್ಯ ಕೆಲಸಗಳಲ್ಲಿ ವಿದ್ಯಾರ್ಥಿನಿಲಯ ಒಂದು. ಗುಬ್ಬಿಯ ವ್ಯಾಪಾರಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗಾಗಿ ಕಟ್ಟಿಸಿದ ಛತ್ರ 1903ರಲ್ಲಿ ಆರಂಭವಾಯಿತು. ಅವರ ಧರ್ಮಸಂಸ್ಥೆಯ ಉಚಿತ ಹಾಸ್ಟೆಲ್‌ನಲ್ಲಿ ಉಂಡು ಓದಿದ ವೀರಶೈವ ವಿದ್ಯಾರ್ಥಿಗಳು ನಾಡಿನ ಮೂಲೆಮೂಲೆಯಲ್ಲಿದ್ದಾರೆ.

ಮಠಗಳೂ ಈ ಕೆಲಸಕ್ಕೆ ಇಳಿದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಉತ್ತರ ಕರ್ನಾಟಕದ ಹಳ್ಳಿಗಳ ಹುಡುಗರಿಗೆ ಕಾಲೇಜಿನ ದಾರಿ ತೆರೆಯಿತು. ಸುತ್ತೂರಿನ ರಾಜೇಂದ್ರ ಸ್ವಾಮೀಜಿ 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಅದೇ ವರ್ಷ ತುಮಕೂರಿನ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ ನಡೆಯುತ್ತಿತ್ತು. ಈ ಅಡುಗೆಮನೆಗಳಿಗೆ ಧಾನ್ಯ ಬಂದದ್ದು ದೊಡ್ಡವರ ಕಣಜದಿಂದ ಮಾತ್ರವಲ್ಲ. ಸುಗ್ಗಿಯಲ್ಲಿ ರೈತರು ಜೋಳಿಗೆಗೆ ಹಾಕಿದ ರಾಗಿ, ಜೋಳ, ಅಕ್ಕಿಯಿಂದಲೂ ಒಲೆ ಉರಿಯಿತು. ತಮ್ಮ ಮನೆಯಲ್ಲಿ ಒಬ್ಬನೂ ಶಾಲೆಯ ಮುಖ ನೋಡದವರು ಬೇರೆಯವರ ಮಗ ಓದಲೆಂದು ಧಾನ್ಯ ಅಳೆದುಕೊಟ್ಟರು.

ದಲಿತ ಮಕ್ಕಳ ದಾರಿ ಇನ್ನೂ ಕಡಿದಾಗಿತ್ತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಸ್ಥಾಪಿಸಿದ ಸಂಸ್ಥೆಯು ಶಾಲೆಯ ಜೊತೆಗೆ ಆ ಮಕ್ಕಳಿಗೆ ಆಶ್ರಯವನ್ನೂ ಕೊಟ್ಟಿತು. ಅದಕ್ಕಾಗಿ ರಂಗರಾಯರು ಸ್ವಜಾತಿಯವರಿಂದ ಬಹಿಷ್ಕಾರ ಅನುಭವಿಸಿದರು. ಬೆಂಗಳೂರಿನಲ್ಲಿ ಇಂಥದೇ ಸೇವೆಗೆ ನಿಂತವರು ಗೋಪಾಲಸ್ವಾಮಿ ಅಯ್ಯರ್. ಅವರ ಹೆಸರಿನ ಹಾಸ್ಟೆಲ್ ಅನೇಕ ದಲಿತ ಬರಹಗಾರರಿಗೆ, ಅಧಿಕಾರಿಗಳಿಗೆ ಎರಡನೆಯ ಮನೆಯಾಯಿತು. ಕವಿ ಸಿದ್ಧಲಿಂಗಯ್ಯ (1954-2021) ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ಹಾಸ್ಟೆಲ್ಲಿನ ದಿನಗಳನ್ನು ನಗುತ್ತಲೇ ಹೇಳಿಕೊಂಡಿದ್ದಾರೆ. ಆ ನಗುವಿನ ಕೆಳಗೆ ಹಸಿವಿದೆ ಎಂಬುದು ಓದುಗರಿಗೆ ತಿಳಿಯದೆ ಇರುವುದಿಲ್ಲ.

ಆಮೇಲೆ ಬಂದದ್ದು ಸರ್ಕಾರದ ಮಂಚ. ದೇವರಾಜ ಅರಸು ಅವರ ಆಡಳಿತದಲ್ಲಿ ಎಲ್.ಜಿ. ಹಾವನೂರ ಆಯೋಗ 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳಿಗಾಗಿ ಪ್ರತ್ಯೇಕ ಇಲಾಖೆ ಬಂತು, ತಾಲ್ಲೂಕು ಕೇಂದ್ರಗಳಲ್ಲಿ ವಿದ್ಯಾರ್ಥಿನಿಲಯಗಳು ಹೆಚ್ಚಿದವು. ಬೋರ್ಡು ಬಣ್ಣಗೆಟ್ಟ ಆ ಕಟ್ಟಡಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ಮೂಗು ಮುರಿಯುವವರಿಗೆ ಒಂದು ಮಾತು ಹೇಳಬೇಕು: ಅಲ್ಲಿನ ಸಾರು ನೀರಾಗಿತ್ತೆಂಬ ದೂರು ನಿಜವಿರಬಹುದು. ಆ ಸಾರಿಲ್ಲದೆ ಹೋಗಿದ್ದರೆ ಒಂದು ಇಡೀ ತಲೆಮಾರಿನ ಮೇಷ್ಟರು, ಗುಮಾಸ್ತರು, ವೈದ್ಯರು, ವಕೀಲರು ಆಗುತ್ತಲೇ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಹುಡುಗಿಯರ ವಿಷಯದಲ್ಲಿ ಈ ಮಾತು ಇಮ್ಮಡಿ ಸತ್ಯ. ಹಾಸ್ಟೆಲ್ ತುಂಬಿದೆ ಎಂದರೆ ಗಂಡು ಹುಡುಗ ಗೆಳೆಯನ ಕೋಣೆಯಲ್ಲಿ ಚಾಪೆ ಹಾಸಿ ಆರು ತಿಂಗಳು ಕಳೆದಾನು. ಹುಡುಗಿಯ ಓದು ಅಲ್ಲಿಗೇ ನಿಲ್ಲುತ್ತದೆ. ‘ಇಲ್ಲೇ ಹತ್ತಿರದಲ್ಲಿ ಏನಾದರೂ ಓದು’ ಎಂಬ ಮಾತಿನಲ್ಲಿ ಎಷ್ಟು ಹೆಣ್ಣುಮಕ್ಕಳ ಆಸೆ ಮಡಿಚಿಟ್ಟಿದೆಯೋ ಲೆಕ್ಕವಿಟ್ಟವರಿಲ್ಲ.

ಟ್ರಂಕಿನಿಂದ ಟ್ರಾಲಿಗೆ

ಹಾಸ್ಟೆಲ್ ಬಂದ ಮೇಲೆ ಸಾಮಾನಿನ ಪಟ್ಟಿಯೂ ಬಂತು. ಅದರ ತಲೆಯ ಮೇಲೆ ಕೂತದ್ದು ತಗಡಿನ ಟ್ರಂಕು. ಹಾಸ್ಟೆಲ್‌ನಲ್ಲಿ ಅದು ಪೆಟ್ಟಿಗೆ ಮಾತ್ರ ಆಗಿರಲಿಲ್ಲ. ಕೋಣೆಗೆ ಬೀರು ಇರಲಿಲ್ಲ, ಆದ್ದರಿಂದ ಅದೇ ಬೀರು. ಮೇಜು ಇರಲಿಲ್ಲ, ಆದ್ದರಿಂದ ಅದೇ ಮೇಜು. ನೆಂಟರು ಬಂದರೆ ಅದೇ ಕುರ್ಚಿ, ಮನಿಆರ್ಡರ್ ಹಣಕ್ಕೆ ಅದೇ ಖಜಾನೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ತರಗತಿ, ಊರು. ಬಸ್ಸಿನ ಟಾಪಿನ ಮೇಲೆ ಹತ್ತು ಟ್ರಂಕುಗಳ ನಡುವೆ ತನ್ನದನ್ನು ಗುರುತಿಸಲು ಆ ಬರಹವೇ ಆಧಾರ. ಅಣ್ಣನ ಟ್ರಂಕು ತಮ್ಮನಿಗೆ ಬಂದಾಗ ಹಳೆಯ ಹೆಸರಿನ ಮೇಲೆ ಹೊಸ ಹೆಸರು ಬೀಳುತ್ತಿತ್ತು. ಸ್ವಲ್ಪ ಕೆರೆದರೆ ಒಂದು ಮನೆಯ ವಿದ್ಯಾಭ್ಯಾಸದ ವಂಶಾವಳಿಯೇ ಕಾಣುತ್ತಿತ್ತು.

ಹಾಸಿಗೆಯಲ್ಲಿ ಊರಿನ ಗುರುತಿತ್ತು. ಬಯಲುಸೀಮೆಯ ಹುಡುಗ ಕುರಿಯ ಉಣ್ಣೆಯ ಕರಿ ಕಂಬಳಿ ತರುತ್ತಿದ್ದ. ಧಾರವಾಡ, ಬಿಜಾಪುರದ ಕಡೆಯವನ ಸುರುಳಿ ಬಿಚ್ಚಿದರೆ ಅಜ್ಜಿ ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ. ಉಳ್ಳವರ ಮಗನಾದರೆ ನವಲಗುಂದದ ಜಮಖಾನ. ಹಿತ್ತಾಳೆಯ ತಟ್ಟೆ, ಲೋಟಕ್ಕೆ ಆಗಾಗ ಕಲಾಯಿ ಬೇಕಿತ್ತು. ಸ್ಟೀಲು ಬಂದ ಮೇಲೆ ಆ ಕಾಟ ತಪ್ಪಿತು. ಪಾತ್ರೆ ಅಂಗಡಿಯಲ್ಲೇ ತಟ್ಟೆಯ ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವ ರೂಢಿ ಬೆಳೆಯಿತು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಜ್ಜನ ಹೆಸರಿನ ಹಾಸ್ಟೆಲ್ ತಟ್ಟೆಯಲ್ಲಿ ಮೊಮ್ಮಗ ಉಣ್ಣುತ್ತಾನೆ.

ಇನ್ನು ಬುತ್ತಿಯ ಮಾತು. ಉತ್ತರ ಕರ್ನಾಟಕದಲ್ಲಿ ಹಾಸ್ಟೆಲ್ ಸಿಗದೆ ಬಾಡಿಗೆ ಕೋಣೆ ಹಿಡಿದ ಹುಡುಗರಿಗೆ ಹಳ್ಳಿಯಿಂದ ದಿನವೂ ಬೆಳಗಿನ ಬಸ್ಸಿಗೆ ರೊಟ್ಟಿ ಬುತ್ತಿ ಬರುತ್ತಿತ್ತು. ತಾಯಿ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ, ಚಟ್ನಿಪುಡಿ ಕಟ್ಟಿ, ಕಂಡಕ್ಟರನ ಕೈಗೆ ಒಪ್ಪಿಸುತ್ತಿದ್ದಳು. ಧಾರವಾಡದ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾದು ನಿಂತ ಹುಡುಗರ ಸಾಲು ಅಲ್ಲಿಯವರಿಗೆ ಹೊಸ ನೋಟವಲ್ಲ. ಹಾಸ್ಟೆಲ್ ಇಲ್ಲದ ಕಡೆ ತಾಯಂದಿರೇ ಬಸ್ಸಿನ ಗಾಲಿಯ ಮೇಲೆ ಒಂದು ಊಟದ ಮನೆ ನಡೆಸಿದರು.

ಈ ಹಳೆಯ ಪಟ್ಟಿಗೂ ಇಂದಿನ ಪಟ್ಟಿಗೂ ನಡುವೆ ಒಂದು ವ್ಯತ್ಯಾಸವಿದೆ. ಹಳೆಯ ಪಟ್ಟಿಯ ಸಾಮಾನು ಬಹುಪಾಲು ಮನೆಯಲ್ಲೇ ಇತ್ತು, ಇಲ್ಲದ್ದನ್ನು ಮಾತ್ರ ಕೊಳ್ಳುತ್ತಿದ್ದರು. ಇಂದಿನ ಪಟ್ಟಿಯನ್ನು ಅಂಗಡಿಯೇ ಬರೆದುಕೊಡುತ್ತದೆ. ಹಾಸಿಗೆ, ದಿಂಬು, ಹೊದಿಕೆ, ಬಕೆಟ್ಟು, ಇಸ್ತ್ರಿಪೆಟ್ಟಿಗೆ, ಮೇಜುದೀಪ ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ‘ಹಾಸ್ಟೆಲ್ ಕಿಟ್’ ಎಂದು ಮಾರುವ ಕಾಲವಿದು. ಕಟ್ಟು ಬಿಚ್ಚಿದಾಗ ಅರ್ಧ ಸಾಮಾನು ಹಾಸ್ಟೆಲ್‌ನಲ್ಲಿ ಆಗಲೇ ಇರುತ್ತದೆ, ಇನ್ನು ಕೆಲವನ್ನು ವಾರ್ಡನ್ ಒಳಗೇ ಬಿಡುವುದಿಲ್ಲ.

ಬೊಮ್ಮನಹಳ್ಳಿಯಿಂದ ಚಿಕ್ಕಪೇಟೆಗೆ

2025ರ ಆಗಸ್ಟ್ 10ರಂದು ಮೆಟ್ರೊ ಹಳದಿ ಮಾರ್ಗ ಆರಂಭವಾದ ಮೇಲೆ ಬೊಮ್ಮನಹಳ್ಳಿಯವರಿಗೆ ಪೇಟೆ ಹತ್ತಿರವಾಗಿದೆ. ಸಿಲ್ಕ್ ಬೋರ್ಡ್, ಬಿಟಿಎಂ ಲೇಔಟ್, ಜಯದೇವ, ರಾಗಿಗುಡ್ಡ ದಾಟಿ ಆರ್.ವಿ. ರಸ್ತೆಯಲ್ಲಿ ಇಳಿದು ಹಸಿರು ಮಾರ್ಗ ಹಿಡಿದರೆ ಮುಂದಿನ ನಿಲ್ದಾಣವೇ ಜಯನಗರ. ಇನ್ನೂ ಮುಂದೆ ಹೋದರೆ ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ. ಒಂದು ಭಾನುವಾರ ಈ ರೈಲಿನಲ್ಲಿ ಹೊರಟ ತಾಯಿ ಮಗಳನ್ನು ನೆನೆಸಿಕೊಳ್ಳಿ. ಮಗಳಿಗೆ ದೂರದ ಜಿಲ್ಲೆಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ.

‘ಮನೇಲಿ ನಿಮ್ಮ ಮಾವನ ಟ್ರಂಕು ಇದೆಯಲ್ಲೇ, ಗಟ್ಟಿಮುಟ್ಟಾಗಿದೆ’ ಎನ್ನುತ್ತಾಳೆ ತಾಯಿ.

‘ಅಯ್ಯೋ ಅಮ್ಮಾ, ಈಗ ಯಾರಮ್ಮ ಟ್ರಂಕು ತಗೊಂಡು ಹೋಗ್ತಾರೆ? ಎಲ್ಲರೂ ಟ್ರಾಲಿ ಬ್ಯಾಗ್ ತರ್ತಾರೆ. ನಾನೊಬ್ಳೇ ಟ್ರಂಕು ಹಿಡ್ಕೊಂಡು ಹೋದ್ರೆ ನಗ್ತಾರೆ.’

ತಾಯಿ ಸುಮ್ಮನಾಗುತ್ತಾಳೆ. ಮಗಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಹದಿನೆಂಟರ ವಯಸ್ಸಿನಲ್ಲಿ ಹೊಸ ಜನರ ನಡುವೆ ಕಾಲಿಡುವಾಗ ನಗೆಪಾಟಲಾಗುವ ಭಯ ಹಸಿವಿನಷ್ಟೇ ನಿಜವಾದದ್ದು. ವಾರಾನ್ನದ ಹುಡುಗನಿಗೆ ಪರರ ಮನೆಯ ಬಾಗಿಲಲ್ಲಿ ಆದ ಸಂಕೋಚವೇ ಇಂದು ಟ್ರಾಲಿ ಬ್ಯಾಗಿನ ರೂಪದಲ್ಲಿ ಬಂದಿದೆ. ಅದನ್ನು ಹುಡುಗಾಟವೆಂದು ಗದರಿಸಿ ಮುಗಿಸುವುದು ಸರಿಯಲ್ಲ. ಆದರೆ ಸಂಕೋಚ ಕಳೆಯಲು ಎಷ್ಟು ಬೆಲೆ ಕೊಡಬಹುದು, ಆ ಹಣ ಬೇರೆಲ್ಲಿಗೆ ಸಲ್ಲಬೇಕಿತ್ತು ಎಂಬುದನ್ನು ತಾಯಿ ಮಗಳು ಕೂಡಿ ಕುಳಿತು ಯೋಚಿಸಬಹುದು.

ಆ ಯೋಚನೆಗೆ ನೆರವಾಗುವಂತೆ ಕೆಲವು ವಿಷಯಗಳನ್ನು ಇಲ್ಲಿ ಹೇಳಬೇಕು.

ಪಟ್ಟಿಯ ಮೊದಲ ಸಾಲು

ಪಟ್ಟಿಯ ಮೊದಲ ಸಾಲಿನಲ್ಲಿ ಇರಬೇಕಾದದ್ದು ಹಾಸಿಗೆಯಲ್ಲ, ಕಾಗದಪತ್ರ. ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಭಾವಚಿತ್ರ, ನಾಡಕಚೇರಿಯಿಂದ ಪಡೆಯುವ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಇವುಗಳ ನಾಲ್ಕಾರು ನಕಲು. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಅರ್ಜಿ ಈಗ ಆನ್‌ಲೈನ್ ಮೂಲಕ. ಕೊನೆಯ ದಿನಾಂಕ ಯಾರನ್ನೂ ಕಾಯುವುದಿಲ್ಲ. ಆ ಹಾಸ್ಟೆಲ್‌ಗಳಲ್ಲಿ ಮಂಚ, ಹಾಸಿಗೆ, ಊಟ ಸರ್ಕಾರದ್ದು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಲ್ಲಿ ಸೋಪು, ಹಲ್ಲಿನ ಪೇಸ್ಟು, ಎಣ್ಣೆಯಂಥ ಸಾಮಾನಿನ ‘ಶುಚಿ ಸಂಭ್ರಮ’ ಕಿಟ್ ಕೂಡ ಕೊಡುವ ವ್ಯವಸ್ಥೆಯಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013ರಲ್ಲಿ ಘೋಷಣೆಯಾದ ‘ವಿದ್ಯಾಸಿರಿ’ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವಿನೊಂದಿಗೆ ಆರಂಭವಾಯಿತು. ಚಿಕ್ಕಪೇಟೆಯ ಅಂಗಡಿ ಮುಂದಿನ ಭಾನುವಾರವೂ ತೆರೆದಿರುತ್ತದೆ. ಅರ್ಜಿಯ ದಿನ ತಪ್ಪಿದರೆ ಒಂದು ವರ್ಷದ ಬಾಡಿಗೆ ಮನೆಯವರ ತಲೆಯ ಮೇಲೆ ಬೀಳುತ್ತದೆ.

ಎರಡನೆಯ ಸಾಲು, ಹಾಸ್ಟೆಲ್ಲಿಗೆ ಒಂದು ಫೋನು. ಅಲ್ಲಿ ಏನು ಕೊಡುತ್ತಾರೆ, ಏನು ತರಬಾರದು, ಮಂಚದ ಅಳತೆ ಎಷ್ಟು, ಬಿಸಿನೀರು ಉಂಟೆ, ಬೀರುವಿಗೆ ಬೀಗ ಯಾರದ್ದು. ಇಷ್ಟು ಕೇಳಿದರೆ ಪಟ್ಟಿ ತಾನಾಗಿ ಅರ್ಧಕ್ಕೆ ಇಳಿಯುತ್ತದೆ. ಹಾಸ್ಟೆಲ್ ಮಂಚ ಸಾಮಾನ್ಯವಾಗಿ ಆರಡಿ ಉದ್ದವಿದ್ದರೂ ಅಗಲ ಎಲ್ಲ ಕಡೆ ಒಂದೇ ಅಲ್ಲ. ಇಲ್ಲಿ ಕೊಂಡ ಹಾಸಿಗೆ ಅಲ್ಲಿ ಅಂಚು ಮಡಿಚಿ ನಿಂತರೆ ಹಣವೂ ಹೋಯಿತು, ನಿದ್ದೆಯೂ ಹೋಯಿತು. ನೀರು ಕಾಯಿಸುವ ಕಾಯಿಲನ್ನು ಅನೇಕ ಹಾಸ್ಟೆಲ್‌ಗಳು ನಿಷೇಧಿಸಿವೆ. 1,500 ವ್ಯಾಟಿನ ಕಾಯಿಲು ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್ ವಿದ್ಯುತ್ ತಿನ್ನುತ್ತದೆ. ಹತ್ತು ಕೋಣೆಯಲ್ಲಿ ಒಮ್ಮೆಗೇ ಹಾಕಿದರೆ ಹಳೆಯ ವೈರು ತಡೆಯುವುದಿಲ್ಲ. ಒದ್ದೆ ಕೈಯಲ್ಲಿ ಮುಟ್ಟಿ ಜೀವ ಕಳೆದುಕೊಳ್ಳುವ ಅಪಾಯ ಬೇರೆ.

ಮೂರನೆಯ ಸಾಲು, ಅಲ್ಲೇ ಕೊಳ್ಳುವ ಸಾಮಾನು. ಹಾಸಿಗೆ, ಬಕೆಟ್ಟು, ಮಗ್ಗು, ಹಗ್ಗ, ಪೊರಕೆ ಯಾವ ಊರಿನ ಅಂಗಡಿಯಲ್ಲೂ ಸಿಗುತ್ತವೆ. ಬೊಮ್ಮನಹಳ್ಳಿಯಿಂದ ಬಕೆಟ್ಟು ಹೊತ್ತು ರಾತ್ರಿ ಬಸ್ಸು ಹತ್ತುವ ಅಗತ್ಯವಿಲ್ಲ.

ಮನೆಯಿಂದಲೇ ಒಯ್ಯಬೇಕಾದದ್ದು ಉಳಿದ ಕೆಲವು: ಚೆನ್ನಾಗಿ ತೊಳೆದ ಎರಡು ಹೊದಿಕೆ, ಹೆಸರು ಕೊರೆಸಿದ ತಟ್ಟೆ ಲೋಟ, ಎರಡು ಬೀಗದ ಕೈ ಇರುವ ಬೀಗ, ಸೂಜಿದಾರ, ನಿತ್ಯ ತೆಗೆದುಕೊಳ್ಳುವ ಔಷಧಿ ಇದ್ದರೆ ಅದರ ಚೀಟಿ, ಕನ್ನಡಕ ಹಾಕುವವರಾದರೆ ಇನ್ನೊಂದು ಕನ್ನಡಕ. ಬೀಗದ ಒಂದು ಕೈಯನ್ನು ಬೇರೆ ಕಡೆ ಇಡಬೇಕೆಂದು ಎಲ್ಲರಿಗೂ ಗೊತ್ತು. ಎರಡನ್ನೂ ಪೆಟ್ಟಿಗೆಯೊಳಗೇ ಹಾಕಿ ಬೀಗ ಒತ್ತುವವರು ಮಾತ್ರ ಪ್ರತಿವರ್ಷ ಸಿಗುತ್ತಾರೆ.

ಬರುವ ಮಕ್ಕಳ ಮಾತು

ಬೊಮ್ಮನಹಳ್ಳಿ, ಬಿಟಿಎಂ ಲೇಔಟ್, ಹೊಂಗಸಂದ್ರದ ಕಡೆಯಿಂದ ಮಕ್ಕಳು ಹೊರಡುವಂತೆ ರಾಯಚೂರು, ಕಲಬುರಗಿ, ಬಳ್ಳಾರಿ, ಹೊರರಾಜ್ಯಗಳಿಂದ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರಿಗೆ ಕಾದಿರುವುದು ಬಹುಪಾಲು ಪಿಜಿ. ಇಲ್ಲಿ ಕೊಳ್ಳುವ ವಸ್ತುವೇ ಜಾಗ. ಆದ್ದರಿಂದ ಅದನ್ನೂ ತೂಗಿ ನೋಡಿ ಕೊಳ್ಳಬೇಕು.

2024ರ ಜುಲೈಯಲ್ಲಿ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯೊಬ್ಬಳ ಕೊಲೆ ನಡೆದ ಮೇಲೆ, ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಗಸ್ಟಿನಲ್ಲಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿತು. ಪ್ರವೇಶದ್ವಾರದಲ್ಲಿ ಸಿಸಿಟಿವಿ ಕ್ಯಾಮೆರಾ, ಇಪ್ಪತ್ತನಾಲ್ಕು ಗಂಟೆ ಕಾವಲು, ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದು ಅದರಲ್ಲಿ ಹೇಳಿತ್ತು. ಎಪ್ಪತ್ತು ಚದರ ಅಡಿ ಎಂದರೆ ಹತ್ತಡಿಗೆ ಏಳಡಿ. ಹದಿನಾಲ್ಕಕ್ಕೆ ಹತ್ತಡಿಯ ಕೋಣೆಯಲ್ಲಿ ಆ ಲೆಕ್ಕಕ್ಕೆ ಇಬ್ಬರು. ಅಲ್ಲಿ ನಾಲ್ಕು ಮಂಚ ಹಾಕಿದ್ದರೆ ಒಬ್ಬರ ಪಾಲಿಗೆ ಉಳಿಯುವುದು 35 ಚದರ ಅಡಿ. ಬಾಡಿಗೆಯ ಜೊತೆ ತೆರಿಗೆ ಕೇಳುವವರಿದ್ದರೆ ಇದನ್ನೂ ತಿಳಿದಿರಬೇಕು: 2024ರ ಜೂನ್‌ನಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ ಶಿಫಾರಸಿನಂತೆ, ತಿಂಗಳಿಗೆ 20,000 ರೂಪಾಯಿವರೆಗಿನ, ಎಡೆಬಿಡದೆ ಕನಿಷ್ಠ 90 ದಿನಗಳ ಹಾಸ್ಟೆಲ್ ವಾಸಕ್ಕೆ ಆ ತೆರಿಗೆಯ ವಿನಾಯಿತಿ ದೊರೆಯಿತು.

ಪಿಜಿ ನಡೆಸುವವರೂ ಈ ಸಭೆಯಲ್ಲಿರಬಹುದು. ಹಿಂದೆ ವಾರಾನ್ನ ಹಾಕಿದವರ, ಜೋಳಿಗೆಗೆ ರಾಗಿ ಕೊಟ್ಟವರ ಸಾಲಿನಲ್ಲಿ ಅವರನ್ನು ನಿಲ್ಲಿಸುವುದು ಬೇಡ. ಅವರದು ವ್ಯಾಪಾರ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದೂರದ ಊರಿನ ತಂದೆಯೊಬ್ಬ ಮಗಳನ್ನು ಬಿಟ್ಟು ಹೋಗುವಾಗ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾನಲ್ಲ, ಆ ಗಳಿಗೆಯನ್ನು ಅವರು ನೆನಪಿನಲ್ಲಿಟ್ಟುಕೊಂಡರೆ ಸಾಕು.

ಒಂದು ನಿಲ್ದಾಣದ ಹೆಸರು

ಬೊಮ್ಮನಹಳ್ಳಿಯ ತಾಯಿ ಮಗಳು ಚಿಕ್ಕಪೇಟೆಗೆ ಹೋಗುವ ದಾರಿಯಲ್ಲಿ, ಕೆ.ಆರ್. ಮಾರುಕಟ್ಟೆಗೆ ಮೊದಲು ‘ನ್ಯಾಷನಲ್ ಕಾಲೇಜು’ ಎಂಬ ನಿಲ್ದಾಣ ಬರುತ್ತದೆ. ಬಸವನಗುಡಿಯ ಆ ಕಾಲೇಜಿನ ಹೆಸರಿನ ಜೊತೆಗೆ ಬೆಸೆದುಕೊಂಡವರು ಎಚ್. ನರಸಿಂಹಯ್ಯ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಅವರು 1935ರಲ್ಲಿ ನ್ಯಾಷನಲ್ ಹೈಸ್ಕೂಲು ಸೇರಲು ಊರಿನಿಂದ ಬೆಂಗಳೂರಿಗೆ ನಡೆದೇ ಬಂದರು. ದಾರಿ 80 ಕಿಲೋಮೀಟರ್‌ಗೂ ಹೆಚ್ಚು. ಬಸ್ಸಿಗೆ ಕೊಡಲು ಹಣವಿರಲಿಲ್ಲ. ಬಡ ವಿದ್ಯಾರ್ಥಿಗಳ ಆಶ್ರಯದಲ್ಲಿದ್ದು ಓದಿದರು, ನ್ಯಾಷನಲ್ ಕಾಲೇಜಿನ ಅಧ್ಯಾಪಕರಾದರು, ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಷ್ಟೆಲ್ಲ ಆದ ಮೇಲೂ ಅವರ ಮನೆ ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆ. 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಹಾಸ್ಟೆಲ್‌ವಾಸಿಯಾಗಿಯೇ ಉಳಿದರು.

ಎಲ್ಲರೂ ಹಾಗೆಯೇ ಬದುಕಬೇಕೆಂದು ಹೇಳಲು ಈ ಮಾತಲ್ಲ. ಹದಿನೆಂಟರ ಹುಡುಗಿಗೆ ಹೊಸ ಬೆಡ್‌ಶೀಟಿನ ಆಸೆ ಇರಲಿ, ಇರಬೇಕಾದದ್ದೇ. ನಡೆದು ಬಂದ ಆ ಹುಡುಗನ ಕೈಯಲ್ಲಿ ಹೇಳಿಕೊಳ್ಳುವಂಥ ಸಾಮಾನು ಏನೂ ಇರಲಿಲ್ಲ. ಆದರೂ ಅವನು ಓದಿದ್ದು, ಬೆಂಗಳೂರಿನಲ್ಲಿ ಯಾರೋ ಅವನಿಗಾಗಿ ಒಂದು ಚಾಪೆಯ ಜಾಗ, ಒಂದು ತಟ್ಟೆ ಅನ್ನ ಇಟ್ಟಿದ್ದರೆಂಬ ಕಾರಣಕ್ಕೆ. ಅಂದು ಸಾಲದೆ ಇದ್ದದ್ದು ಆ ಜಾಗ. ಸರ್ಕಾರದ ಹಾಸ್ಟೆಲ್ ಸೀಟಿಗಾಗಿ ಕಾದಿರುವ ಮಕ್ಕಳಿಗೆ ಇಂದೂ ಸಾಲದೆ ಇರುವುದು ಅದೇ. ಮಗಳ ಪಟ್ಟಿಗೆ ಕೈಸಾಲ ಮಾಡುವ ಮೊದಲು ಹಾಸ್ಟೆಲ್ ಅರ್ಜಿ ಏನಾಯಿತೆಂದು ಕೇಳಿ. ತಮ್ಮ ಮಗಳಿಗೆ ಸೀಟು ಸಿಕ್ಕ ಮೇಲೆ, ಸಿಗದ ನೆರೆಮನೆಯ ಹುಡುಗಿಗಾಗಿ ಅದೇ ಕಚೇರಿಯಲ್ಲಿ ಇನ್ನೊಮ್ಮೆ ಕೇಳಿ. ಜೋಳಿಗೆಗೆ ರಾಗಿ ಹಾಕಿದವರು ಮಾಡಿದ ಕೆಲಸದ ಇಂದಿನ ರೂಪ ಅದು.

ಇನ್ನು ಆ ತಾಯಿ ಮಗಳ ವಿಷಯ. ಟ್ರಾಲಿ ಬ್ಯಾಗು ಬಂದರೂ ಬರಬಹುದು. ಮಾವನ ಟ್ರಂಕು ಅಟ್ಟದ ಮೇಲೆಯೇ ಉಳಿದರೂ ಉಳಿಯಬಹುದು. ಹೊರಡುವ ರಾತ್ರಿ ಬ್ಯಾಗಿನ ಜಿಪ್ ಎಳೆಯುವ ಮುನ್ನ ಆ ತಾಯಿ ಬಟ್ಟೆಗಳ ನಡುವೆ ಒಂದು ಸ್ಟೀಲ್ ಡಬ್ಬಿ ಇಡುತ್ತಾಳೆ. ಒಳಗೆ ಚಟ್ನಿಪುಡಿ. ಅದನ್ನು ಯಾರೂ ಪಟ್ಟಿಯಲ್ಲಿ ಬರೆದಿರುವುದಿಲ್ಲ. ಮಗಳು ಬೇಡವೆಂದೂ ಅನ್ನುವುದಿಲ್ಲ.